ಕೇಳುವವರ ಕುರ್ಚಿ

ಹೆತ್ತ ಮಗನನ್ನು ‘ಬ್ರದರ್’ ಎಂದು ಕರೆಯಬೇಕಾಗಿ ಬಂದ ತಾಯಿ ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಕಥೋಲಿಕ ವಿಶ್ವವಿದ್ಯಾಲಯದ ದೈವಶಾಸ್ತ್ರ ವಿಭಾಗಕ್ಕೆ ಸೇರಿದ ಮೊದಲ ದಿನವೇ ಅಲ್ಲಿನ ರೂಢಿ ಹೇಳಿಬಿಟ್ಟರು. ಪಾದ್ರಿಯಾಗಲು ಓದುವ ಗುರುಮಠದ ಹುಡುಗರೆಲ್ಲ ಬ್ರದರ್. ನಮ್ಮಂಥ ಸಂಸಾರಸ್ಥರು ಬರೀ ಅಣ್ಣ, ಅಕ್ಕ. ಕೆಲವು ತರಗತಿಗಳು ಎರಡು ಗುಂಪಿಗೂ ಒಟ್ಟಿಗೇ ನಡೆಯುತ್ತಿದ್ದವು. ನಾನು ಮೂರನೇ ಬೆಂಚಿನಿಂದ, “ಬ್ರದರ್, ಆ ಕಿಟಕಿ ಸ್ವಲ್ಪ ಹಾಕ್ತೀರಾ?” ಎಂದು ಕೇಳಿದರೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಕಿವಿಯವರೆಗೆ ಕೆಂಪಾಗಿ, ಎದ್ದು ಹೋಗಿ ಹಾಕುತ್ತಿದ್ದ. ಹಿಂದಿನವರು ಪುಸ್ತಕದ ಮರೆಯಲ್ಲಿ ಕಿಸಕಿಸ ನಗುತ್ತಿದ್ದರು. ನಗಲಿ ಬಿಡಿ, ಅವರಪ್ಪನ ಗಂಟೇನು ಹೋಗುತ್ತದೆ.

ನಾನು ಔಷಧಿ ಅಂಗಡಿಯವಳು. ಮದುವೆಯಾದಾಗಿನಿಂದ ಗಂಡನ ಜೊತೆ ಕೌಂಟರಿನ ಹಿಂದೆ ನಿಂತು ತಲೆಗೂದಲು ಬೆಳ್ಳಗಾದವಳು. ಬಂದವರು “ಎರಡು ದಿನದಿಂದ ಹೊಟ್ಟೆ…” ಎನ್ನುವಷ್ಟರಲ್ಲಿ ನನ್ನ ಕೈ ಆಗಲೇ ಡ್ರಾಯರಿನಲ್ಲಿರುತ್ತಿತ್ತು. ಪೂರ್ತಿ ಮಾತು ಕೇಳುವ ಪುರುಸೊತ್ತು ಯಾರಿಗಿತ್ತು? ಹಿಂದೆ ಇನ್ನೂ ಐದು ಜನ ಕೆಮ್ಮುತ್ತಾ ನಿಂತಿರುತ್ತಿದ್ದರು. ಈ ಚಾಳಿ ತರಗತಿಯಲ್ಲೂ ಬಿಡಲಿಲ್ಲ. ಯಾರಾದರೂ ಹಣೆ ಒತ್ತಿಕೊಂಡರೆ ನನ್ನ ಚೀಲ ತೆರೆದುಕೊಳ್ಳುತ್ತಿತ್ತು. ಒಂದೇ ತಿಂಗಳಲ್ಲಿ ನನಗೆ ‘ಮಾತ್ರೆಯಮ್ಮ’ ಎಂಬ ಹೆಸರು ಬಿತ್ತು. ಇಟ್ಟವರು ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ.

ಗಂಡ ಹೋದ ಮೇಲೆ ಅಂಗಡಿಯನ್ನು ಮೈದುನನಿಗೆ ವಹಿಸಿ ಇಲ್ಲಿಗೆ ಬಂದೆ. ಆಸ್ಪತ್ರೆ, ಜೈಲು, ಸಾವಿನ ಮನೆ, ಇಂಥ ಕಡೆ ಹೋಗಿ ಜನರ ಜೊತೆ ಕೂರುವ ಸೇವೆಗೆ ಸಂಸಾರಸ್ಥರನ್ನು ತಯಾರು ಮಾಡುವ ಓದು ಅದು. ಬಂಧುಬಳಗವೆಲ್ಲ, “ಮಗನ ಹಿಂದೇನೇ ಹೊರಟಳು ನೋಡು, ಎಂಥ ಭಕ್ತಿ!” ಎಂದು ಕೊಂಡಾಡಿತು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಮಗ ಪಾದ್ರಿಯಾಗುತ್ತೇನೆ ಎಂದ ದಿನ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಸಿರಪ್ಪಿನ ರಟ್ಟಿನ ಡಬ್ಬಗಳ ನಡುವೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದೆ. ಸೊಸೆ ಬೇಕಿತ್ತು ನನಗೆ. ಮೊಮ್ಮಕ್ಕಳು ಬೇಕಿತ್ತು. ಹೊರಗೆ ಬಂದು ಮುಖ ತೊಳೆದು, “ದೇವರು ಕರೆದ್ರೆ ನಾವ್ಯಾರು ಕಣೋ ಬೇಡ ಅನ್ನೋಕೆ” ಎಂದು ನಗುನಗುತ್ತಾ ಕಳಿಸಿಕೊಟ್ಟೆ. ಆಮೇಲೆ ಒಬ್ಬಳೇ ಆದಾಗ ಅನ್ನಿಸಿತು, ನನ್ನ ಮಗುವನ್ನು ನನ್ನಿಂದ ಎಳೆದುಕೊಂಡು ಹೋಗುವಂಥದ್ದು ಅಲ್ಲೇನಿದೆ, ಹೋಗಿ ನೋಡಿಯೇ ಬಿಡೋಣ. ಹಾಗೆ ಬಂದವಳು ನಾನು.

ಬಂದು ನೋಡಿದರೆ, ಅಯ್ಯೋ ದೇವರೇ, ಹಿಡಿಸಿಬಿಟ್ಟಿತು! ಜ್ಞಾನಸ್ನಾನ, ಪಾಪನಿವೇದನೆ, ಮದುವೆ, ಇಂಥ ಸಂಸ್ಕಾರಗಳ ಪಾಠ ಮಾಡುವ ವಯಸ್ಸಾದ ಫಾದರ್ ಒಂದು ದಿನ, ಪಾದ್ರಿ ಎಂಥವನೇ ಆಗಿರಲಿ, ಅವನ ಕೈಯಿಂದ ಬರುವ ಕೃಪೆ ಕೆಡುವುದಿಲ್ಲ ಎಂದು ವಿವರಿಸುತ್ತಿದ್ದರು. ಹುಡುಗರು ಪಿಳಿಪಿಳಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ಅಂದ್ರೆ ಫಾದರ್, ಮಾತ್ರೆ ಕೊಡೋಳು ಸಿಡುಕಿ ಆದ್ರೂ ಜ್ವರ ಇಳಿಯುತ್ತಲ್ಲ, ಹಾಗೆ?” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕರು. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಸುಮ್ಮಸುಮ್ಮನೆ ನಗುತ್ತಿದ್ದೆ. ಗಂಡ ಹೋದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ಈ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ನಾಚಿಕೆಯಾಗುತ್ತಿತ್ತು.

ಆದರೆ ಅದೇ ವರ್ಷ ಮಗ ಸಪ್ಪಗಾದ. ಮೊದಲೆಲ್ಲ ಊಟದ ಬಿಡುವಿನಲ್ಲಿ ಅಂಗಳದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಕೂತು ಹರಟುತ್ತಿದ್ದವನು, ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಕೆನ್ನೆಯ ಮೂಳೆ ಕಾಣತೊಡಗಿತು. ಅವನ ಡೀಕನ್ ಪಟ್ಟದ ದಿನ ಗೊತ್ತಾಗಿತ್ತು. ಪಾದ್ರಿಯಾಗುವುದಕ್ಕೆ ಹಿಂದಿನ ಮೆಟ್ಟಿಲು ಅದು. ಮದುವೆಯಾಗುವುದಿಲ್ಲ, ಕೊನೆಯವರೆಗೂ ಇದೇ ಬಾಳು ಎಂದು ಅಂದೇ ಮಾತು ಕೊಡಬೇಕು. ಒಮ್ಮೆ ಹತ್ತಿದರೆ ಇಳಿಯುವುದು ಸುಲಭವಲ್ಲ. ಆ ದಿನ ಹತ್ತಿರವಾಗುತ್ತಾ ಬಂದಷ್ಟೂ ಇವನು ಕುಗ್ಗುತ್ತಾ ಹೋದ. ಕಬ್ಬಿಣಾಂಶದ ಟಾನಿಕ್ ಕೊಟ್ಟೆ. ವಿಟಮಿನ್ ಕೊಟ್ಟೆ. ಕುಡಿದ, ನುಂಗಿದ, “ಚೆನ್ನಾಗಿದ್ದೀನಿ ಅಮ್ಮ” ಎಂದ. ನನ್ನ ಮಗನಿಗೆ ಏನೋ ಆಗಿದೆ, ನನಗೆ ಹೇಳುತ್ತಿಲ್ಲ.

ಈಗ ಸಿಸ್ಟರ್ ಬಗ್ಗೆ ಹೇಳಬೇಕು. ನಮಗೂ ಬ್ರದರ್‌ಗಳಿಗೂ ಒಟ್ಟಿಗೆ ಸೇವೆಯ ಅಭ್ಯಾಸ ಮಾಡಿಸುತ್ತಿದ್ದವರು ಅವರು, ಮೊದಲು ನರ್ಸಾಗಿದ್ದ ಸನ್ಯಾಸಿನಿ. ಅವರ ತರಗತಿಯಲ್ಲಿ ಬೆಂಚುಗಳಿರಲಿಲ್ಲ, ನಡುವೆ ಒಂದು ಮೇಜು, ಮೂರು ಕುರ್ಚಿ. ಒಂದರಲ್ಲಿ ಕೂತವರು ತಮ್ಮದೊಂದು ನಿಜವಾದ ಕಷ್ಟ ಹೇಳಬೇಕು. ಎದುರಿನ ಕುರ್ಚಿಯವರು ಕೇಳಬೇಕು. ಕೇಳುವವರು ಉಪದೇಶ ಮಾಡಬಾರದು, ‘ಎಲ್ಲಾ ಸರಿಹೋಗುತ್ತೆ’ ಅನ್ನಬಾರದು, ದೇವರ ವಾಕ್ಯ ಹೇಳಬಾರದು, ತಮ್ಮ ಮನೆಯ ಕತೆ ತೆಗೆಯಬಾರದು. ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಬಹುದು, ಕೊನೆಗೊಂದು ಪ್ರಶ್ನೆ ಕೇಳಬಹುದು. ಅಷ್ಟೇ. ಮೂರನೇ ಕುರ್ಚಿಯವರ ಕೈಯಲ್ಲೊಂದು ಪೆನ್ಸಿಲ್. ಕೇಳುವವರು ತಪ್ಪಿದಾಗೆಲ್ಲ ಮೇಜಿನ ಮೇಲೆ ಟಕ್ ಎಂದು ಕುಟ್ಟುವುದು. ಮಾತಾಡುವುದನ್ನು ಕಲಿಸುವ ಕಾಲೇಜು ಕಂಡಿದ್ದೆ, ಬಾಯಿ ಮುಚ್ಚುವುದನ್ನು ಕಲಿಸುವುದನ್ನು ಇಲ್ಲೇ ಕಂಡದ್ದು.

ನನ್ನ ಸರದಿ ಬಂದರೆ ಆ ಕೋಣೆ ಬಡಗಿಯ ಅಂಗಡಿಯಾಗುತ್ತಿತ್ತು. ನಮ್ಮ ಜೊತೆ ರಿಟೈರಾದ ಬಸ್ ಕಂಡಕ್ಟರ್ ಒಬ್ಬರು ಓದುತ್ತಿದ್ದರು, ಎಲ್ಲರಿಗೂ ಕಂಡಕ್ಟರಣ್ಣ. ಒಮ್ಮೆ ಅವರು ನನ್ನೆದುರು ಕೂತು, “ಕೆಲಸ ಬಿಟ್ಟ ಮೇಲೆ ನಂಗೆ ನಿದ್ದೇನೇ ಇಲ್ಲ” ಎಂದು ಶುರುಮಾಡಿದರು.

“ಸಂಜೆ ಮೇಲೆ ಟೀ ಕುಡೀತೀರಾ?” ಎಂದೆ. ಟಕ್.

“ಬಿ.ಪಿ. ನೋಡಿಸಿದ್ರಾ?” ಟಕ್.

“ಅಲ್ಲ ಸಿಸ್ಟರ್, ಇವರ ಕಣ್ಣು ನೋಡಿ, ಊದಿಕೊಂಡಿದೆ, ಇದು…” ಟಕ್, ಟಕ್, ಟಕ್.

ಎಲ್ಲರೂ ನಕ್ಕರು. ಸಿಸ್ಟರ್ ಮಾತ್ರ ನಗಲಿಲ್ಲ. ತರಗತಿ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. “ಅಮ್ಮ, ಕಷ್ಟ ಹೇಳಿಕೊಳ್ಳೋರಿಗೆಲ್ಲ ಕಾಯಿಲೆ ಇರಲ್ಲ. ನೀವು ಬೇಗ ವಾಸಿ ಮಾಡೋಕೆ ಹೋಗ್ತೀರ. ಅವರಿಗೆ ಮಾತಾಡೋಕೆ ಜಾಗಾನೇ ಉಳಿಯಲ್ಲ.”

“ಅಂದ್ರೆ ಗೊತ್ತಿದ್ದೂ ಕಲ್ಲಿನ ಥರ ಕೂತಿರಬೇಕಾ?” ನನಗೆ ಮೂಗಿನ ತುದಿಯಲ್ಲೇ ಕೋಪ.

“ಕಲ್ಲಿನ ಥರ ಅಲ್ಲ, ಅಮ್ಮನ ಥರ” ಎಂದರು. ನನಗೆ ಇನ್ನಷ್ಟು ಸಿಟ್ಟು ಬಂತು. ಅಮ್ಮನಾಗಿರುವುದು ನನಗೆ ಇವರು ಹೇಳಿಕೊಡಬೇಕಾ?

ಸಿಸ್ಟರ್ ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ಮಗನನ್ನೂ, ಎಂದೂ ಎದುರುಬದುರು ಕೂರಿಸಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಊರಿಗೆಲ್ಲ ಜ್ವರ ಹರಡಿ, ತರಗತಿಗೆ ಬಂದವರು ನಾವು ಬೆರಳೆಣಿಕೆಯಷ್ಟು ಜನ. ಸಿಸ್ಟರ್, “ಇವತ್ತು ಬೇಡ ಬಿಡಿ, ಓದಿಕೊಳ್ಳಿ” ಎಂದರು. ಅಷ್ಟರಲ್ಲಿ ಮಗ ಎದ್ದು ಹೋಗಿ, ಕಷ್ಟ ಹೇಳುವವರ ಕುರ್ಚಿಯಲ್ಲಿ ಕೂತುಬಿಟ್ಟ. “ಸಿಸ್ಟರ್, ಅಮ್ಮ ಕೇಳಿಸ್ಕೊಳ್ಳಲಿ” ಎಂದ.

ಅಲ್ಲಿಯವರೆಗೆ ತರಗತಿಯಲ್ಲಿ ಅವನು ನನ್ನನ್ನು ಅಮ್ಮ ಎಂದು ಕರೆದದ್ದೇ ಇರಲಿಲ್ಲ.

ಸಿಸ್ಟರ್ ಅವನ ಮುಖವನ್ನೇ ನೋಡಿದರು. “ಯೋಚನೆ ಮಾಡಿದ್ದೀರಾ ಬ್ರದರ್?”

“ಮಾಡಿದ್ದೀನಿ.”

ಆಮೇಲೆ ನನ್ನ ಕಡೆ ತಿರುಗಿದರು. “ನಿಮಗೆ ಕಷ್ಟ ಆದ್ರೆ ಬೇಡ ಅನ್ನಬಹುದು ಅಮ್ಮ.”

ಬೇಡ ಅನ್ನುವುದುಂಟೇ. ಹೋಗಿ ಕೂತೆ. ಕಂಡಕ್ಟರಣ್ಣ ಪೆನ್ಸಿಲ್ ಹಿಡಿದು ಮೂರನೇ ಕುರ್ಚಿಗೆ ಬಂದರು. ಉಳಿದವರನ್ನು ಸಿಸ್ಟರ್ ಕಣ್ಸನ್ನೆಯಲ್ಲೇ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

ಮಗ ತನ್ನ ಮೊಣಕಾಲು ನೋಡಿಕೊಂಡು ಹೇಳಿದ. “ನಾನು ಡೀಕನ್ ಆಗಲಾರೆ. ಅದು ನನ್ನ ದಾರಿ ಅಲ್ಲ ಅಂತ ಗೊತ್ತಾಗಿ ತುಂಬಾ ದಿನ ಆಯ್ತು. ಪ್ರಾರ್ಥನೆ ಮಾಡ್ತೀನಿ, ದೇವರ ಮೇಲೆ ಬೇಜಾರಿಲ್ಲ. ಆದ್ರೆ ಆ ಬಟ್ಟೆ ಹಾಕ್ಕೊಂಡು ಪೀಠದ ಮುಂದೆ ನಿಂತಿರೋದು ನಾನೇ ಅಂತ ನೆನೆಸ್ಕೊಂಡ್ರೆ, ಯಾರದೋ ಅಂಗಿ ಹಾಕ್ಕೊಂಡ ಹಾಗಿರುತ್ತೆ.”

ನನ್ನ ಬಾಯಿ ತೆರೆದುಕೊಂಡಿತು. ಯಾರಾದರೂ ಏನಾದರೂ ಅಂದರಾ? ಯಾವುದಾದರೂ ಹುಡುಗಿಯಾ? ಗುರುಮಠ ನಡೆಸುವ ರೆಕ್ಟರ್ ಹತ್ತಿರ ನಾನೇ ಮಾತಾಡಲಾ? ಮೈಯಲ್ಲಿ ಏನಾದರೂ ಇದೆಯಾ, ನಾಳೆಯೇ ರಕ್ತ ಪರೀಕ್ಷೆ ಮಾಡಿಸೋಣ. ಎಲ್ಲವೂ ಒಟ್ಟಿಗೇ ನಾಲಿಗೆಯ ತುದಿಗೆ ಬಂದು ನೂಕಾಡಿದವು. ಕಂಡಕ್ಟರಣ್ಣನ ಪೆನ್ಸಿಲ್ ಮೇಲೆದ್ದಿತು. ನಾನು ಬಾಯಿ ಮುಚ್ಚಿದೆ. ಮುಚ್ಚಲು ಎಷ್ಟು ಬಲ ಬೇಕಾಯಿತೆಂದರೆ ದವಡೆ ನೋಯಿತು.

“ನಿನಗೆ… ಯಾರದೋ ಅಂಗಿ ಹಾಕ್ಕೊಂಡ ಹಾಗಿದೆ” ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಅಷ್ಟೇ ಹೇಳಿ ನಿಲ್ಲಿಸುತ್ತೇನೆಂದು ಅವನಿಗೂ ನಂಬಿಕೆಯಿರಲಿಲ್ಲವೇನೋ. ಆಮೇಲೆ ಮಾತು ಬಂತು ನೋಡಿ, ಕಟ್ಟೆ ಒಡೆದ ಹಾಗೆ. ಜೊತೆಯವರ ಮುಖ ನೋಡಿದರೆ ತಾನು ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದಂತೆ. ಊಟ ಗಂಟಲಲ್ಲಿ ಇಳಿಯುವುದಿಲ್ಲವಂತೆ. “ಬಿಡೋಣ ಅಂದ್ರೆ ಅಮ್ಮನ ಮುಖ ಎದುರಿಗೆ ಬರುತ್ತೆ. ಅಪ್ಪ ಹೋದ್ರು. ಅಂಗಡಿ ಬಿಟ್ಟಳು. ಈ ವಯಸ್ಸಲ್ಲಿ ಬೆಳಿಗ್ಗೆ ಎರಡು ಬಸ್ ಹಿಡಿದು ಬಂದು, ನನಗೋಸ್ಕರ ಮೂರನೇ ಬೆಂಚಲ್ಲಿ ಕೂತಿದ್ದಾಳೆ. ಅವಳಿಗೆ ಏನಂತ ಹೇಳಲಿ?”

ಹೇಳುತ್ತಾ ಅಂಗೈಯಿಂದ ಕಣ್ಣೊರೆಸಿಕೊಂಡ. ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿ ನನ್ನ ಕೈಗಳು ಕುರ್ಚಿಯ ತೋಳನ್ನು ಬಿಟ್ಟು ಎದ್ದವು, ಮತ್ತೆ ಹಿಡಿದುಕೊಂಡವು. ಪೂರ್ತಿ ಕೇಳಬೇಕಿತ್ತು ನನಗೆ. ಹುಟ್ಟಿದಾಗಿನಿಂದ ಇವನ ಒಂದು ಮಾತನ್ನಾದರೂ ಪೂರ್ತಿ ಕೇಳಿದ್ದೆನೋ ಇಲ್ಲವೋ.

“ನಿನಗೆ ಹೊರಗೆ ಹೋಗಬೇಕು. ಆದ್ರೆ ಅಮ್ಮನಿಗೆ ನೋವಾಗುತ್ತೆ ಅಂತ ಇಲ್ಲೇ ಉಳಿದಿದ್ದೀಯ.”

“ಹೂಂ.”

ಇನ್ನು ಒಂದು ಪ್ರಶ್ನೆ ಮಾತ್ರ ಬಾಕಿ. ಮುಂದೇನು ಮಾಡುತ್ತೀಯ ಎಂದು ಕೇಳಲು ಜೀವ ಹಾತೊರೆಯುತ್ತಿತ್ತು. ಕೇಳಲಿಲ್ಲ. “ಇಷ್ಟು ದಿನ ಅಮ್ಮನಿಗೆ ಯಾಕೆ ಹೇಳಲಿಲ್ಲ?” ಎಂದೆ.

ಅವನು ನಕ್ಕ, ಅಳುವಿನ ಮಧ್ಯೆಯೇ. “ಹೇಳೋಕೆ ಶುರು ಮಾಡಿದ್ರೆ ಸಾಕು, ಅರ್ಧದಲ್ಲೇ ಸರಿ ಮಾಡಿಬಿಡ್ತಾಳೆ. ಒಂದೋ ಅವತ್ತೇ ಪೆಟ್ಟಿಗೆ ಕಟ್ಟಿಸಿ ಮನೆಗೆ ಕರ್ಕೊಂಡು ಹೋಗ್ತಾಳೆ, ಇಲ್ಲಾಂದ್ರೆ ಟಾನಿಕ್ ಕುಡಿಸಿ ಡೀಕನ್ ಮಾಡ್ತಾಳೆ. ನಂಗೆ ಎರಡೂ ಬೇಡ ಇತ್ತು. ಅವಳು ಬಾಯಿ ಹಾಕದೆ ಕೂರೋ ಜಾಗ ಇಡೀ ಊರಲ್ಲಿ ಈ ಕುರ್ಚಿ ಒಂದೇ.”

ಮೇಜಿನ ಮೇಲೆ ಒಂದು ಸಲವೂ ಟಕ್ ಎನ್ನಲಿಲ್ಲ. ಕಂಡಕ್ಟರಣ್ಣ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದರು. ಸಿಸ್ಟರ್ ಬಾಗಿಲ ಬಳಿ ನಿಂತೇ, “ಸಾಕು. ಇಬ್ಬರೂ ಹೊರಗೆ ಹೋಗಿ ಗಾಳಿ ಕುಡಿದು ಬನ್ನಿ” ಎಂದರು.

ಅಂಗಳದ ಕಲ್ಲುಬೆಂಚಿನಲ್ಲಿ ಕೂತೆವು. “ಈಗ ಬೈಯಮ್ಮ” ಎಂದ. “ನಿಯಮ ಮುಗೀತು.”

“ಬೈಯದೇ ಬಿಡ್ತೀನಾ? ಮೂಳೆ ಚಕ್ಕಳ ಆಗೋವರೆಗೂ ಸುಮ್ನಿದ್ಯಲ್ಲೋ ಪಾಪಿ!” ಎಂದು ಬೆನ್ನಿಗೊಂದು ಗುದ್ದಿದೆ. ಗುದ್ದಿದ ಕೈಯನ್ನು ತೆಗೆಯಲಾಗಲಿಲ್ಲ, ಅಲ್ಲೇ ಇಟ್ಟುಕೊಂಡೆ. ಆಮೇಲೆ ಸಿರಪ್ಪಿನ ಡಬ್ಬಗಳ ನಡುವೆ ಕೂತು ಅತ್ತದ್ದನ್ನು ಹೇಳಿದೆ. ನೀನು ಪಾದ್ರಿಯಾಗುವುದು ನನಗೆಂದೂ ಬೇಕಿರಲಿಲ್ಲ ಕಣೋ ಎಂದೆ. ನಿನ್ನ ಆಸೆಗೆ ಅಡ್ಡ ಬರಬಾರದು ಅಂತ ನುಂಗಿಕೊಂಡೆ ಎಂದೆ.

ಅವನು ಬಾಯಿ ಬಿಟ್ಟು ನೋಡಿದ. “ನಿನಗೋಸ್ಕರ ನಾನು ಉಳಿದೆ, ನನಗೋಸ್ಕರ ನೀನು ನಗುತ್ತಾ ಕಳಿಸಿದೆಯಾ?”

“ಇಬ್ಬರಿಗೂ ಬುದ್ಧಿ ಇಲ್ಲ, ಇನ್ನೇನು. ವಂಶಪಾರಂಪರ್ಯ.”

ಇಬ್ಬರೂ ನಗತೊಡಗಿದೆವು. ದಾಟಿ ಹೋಗುತ್ತಿದ್ದ ವಯಸ್ಸಾದ ಫಾದರ್ ಒಮ್ಮೆ ನಿಂತು ನೋಡಿ, ಏನೂ ಕೇಳದೆ ಮುಂದೆ ಹೋದರು. ಮಗನ ಮುಖದಲ್ಲಿ ಎಷ್ಟೋ ಕಾಲದ ಮೇಲೆ ರಕ್ತ ಆಡಿತು. “ಹಾಗಾದ್ರೆ ಮುಗೀತಲ್ಲಮ್ಮ. ನೀನು ಬಂದಿದ್ದೂ ನನಗೋಸ್ಕರ ತಾನೇ. ಇಬ್ಬರೂ ಬಿಟ್ಟು ಮನೆಗೆ ಹೋಗೋಣ. ನೀನು ಇನ್ನು ಬಸ್ಸಲ್ಲಿ ಜೋತಾಡೋದು ಬೇಡ” ಎಂದ.

ಹೂಂ ಅನ್ನಬೇಕಿತ್ತು. ಯಾವತ್ತೂ ಮಾತಿಗೆ ಬರಗಾಲವಿಲ್ಲದ ನಾನು ಸೆರಗಿನ ಅಂಚು ತಿರುಚುತ್ತಾ ಕೂತೆ. ಮುಂದಿನ ವಾರ ವಯಸ್ಸಾದ ಫಾದರ್ ಸಾಯುವವರಿಗೆ ಕೊಡುವ ಎಣ್ಣೆಯ ಸಂಸ್ಕಾರದ ಪಾಠ ಶುರುಮಾಡುವವರಿದ್ದರು. ಅದನ್ನು ನಾನು ಕೇಳಬೇಕಿತ್ತು. ಆಸ್ಪತ್ರೆಯ ವಾರ್ಡುಗಳಿಗೆ ಹೋಗಬೇಕಿತ್ತು. ಅಲ್ಲಿ ಮಲಗಿದವರು ಹೊಟ್ಟೆ ಎಂದು ಶುರುಮಾಡಿ ಕೊನೆಗೆ ಏನು ಹೇಳುತ್ತಾರೆಂದು ನನಗೆ ಕೇಳಬೇಕಿತ್ತು. ಇದನ್ನೆಲ್ಲ ಹೇಗೆ ಹೇಳುವುದು? ಮಗ ಬಿಟ್ಟು ಹೊರಟಾಗ ತಾಯಿಗೆ ದೈವಶಾಸ್ತ್ರ ಬೇಕಂತೆ ಎಂದು ಊರು ನಗುವುದಿಲ್ಲವೇ?

ಮಗ ಏನೂ ಹೇಳದೆ ಕಾದ. ಕೊನೆಗೆ ಮೆಲ್ಲಗೆ, ತರಗತಿಯಲ್ಲಿ ಕಲಿಸಿದ ಹಾಗೆಯೇ, “ಅಮ್ಮ, ನಿನಗೆ ಇಲ್ಲೇ ಇರಬೇಕು ಅನ್ನಿಸ್ತಿದೆ” ಎಂದ.

ನಾನು ಗೊಳೋ ಎಂದು ಅತ್ತುಬಿಟ್ಟೆ. ಯಾರಾದರೂ ನನ್ನ ಮನಸ್ಸಿನಲ್ಲಿದ್ದದ್ದನ್ನು ನನಗೇ ತಿರುಗಿ ಹೇಳಿದ್ದು, ನನ್ನ ಇಷ್ಟು ಆಯುಸ್ಸಿನಲ್ಲಿ ಅದೇ ಮೊದಲು.

ರೆಕ್ಟರ್ ಒಳ್ಳೆಯ ಮನುಷ್ಯ, ಮಗನನ್ನು ಬೆನ್ನು ತಟ್ಟಿ ಕಳಿಸಿದರು. ಅವನು ಮನೆಗೆ ಬಂದು ಸದ್ಯಕ್ಕೆ ಚಿಕ್ಕಪ್ಪನ ಜೊತೆ ಅಂಗಡಿಯಲ್ಲಿ ನಿಲ್ಲತೊಡಗಿದ. ನಾನು ಮಾತ್ರ ನನ್ನ ಮೂರನೇ ಬೆಂಚು ಬಿಡಲಿಲ್ಲ. ಮೈದುನ ದಿನವೂ ದೂರು ತರುತ್ತಾನೆ: “ಬಂದವರ ಕತೇನೆಲ್ಲ ಕೇಳಿಸ್ಕೊಂಡು ನಿಲ್ತಾನೆ ಅತ್ತಿಗೆ, ಹಿಂದೆ ಸಾಲು ಬೀದಿಗೆ ಬಂದಿರುತ್ತೆ.” ಮಗ ಎರಡು ಹೊತ್ತೂ ತಟ್ಟೆ ತುಂಬ ಉಣ್ಣುತ್ತಾನೆ. ನನಗೆ ಅದು ಸಾಕು.

ಡೀಕನ್ ಪಟ್ಟದ ದಿನ ಬಂತು. ಹೋಗುವುದು ಬೇಡ ಎಂದೆ ನಾನು, ಅವನ ಮನಸ್ಸಿಗೆ ಏನಾಗುತ್ತದೋ ಎಂದು. “ಜೊತೆಗೆ ಓದಿದವರಮ್ಮ, ಹೋಗದೆ ಇರೋಕಾಗುತ್ತಾ” ಎಂದು ಅವನೇ ಕರೆದುಕೊಂಡು ಹೋದ. ದೊಡ್ಡ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬದ ಪಕ್ಕದ ಬೆಂಚಿನಲ್ಲಿ ಒತ್ತಿಕೊಂಡು ಕೂತೆವು. ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಪೀಠದಲ್ಲಿ ಕೂತ ಮೇಲೆ, ಪಟ್ಟ ಪಡೆಯುವವರನ್ನು ಹೆಸರು ಹಿಡಿದು ಕರೆಯುವುದು ಕ್ರಮ. ಕರೆಸಿಕೊಂಡವನು ತನ್ನವರ ನಡುವಿನಿಂದ ಎದ್ದು, ಎಲ್ಲರಿಗೂ ಕೇಳುವಂತೆ, ‘ಇದ್ದೇನೆ’ ಎನ್ನಬೇಕು. ಆಮೇಲೆ ಮುಂದೆ ನಡೆಯಬೇಕು. ಇದನ್ನು ಕಂಡರೆ ನನ್ನ ಮಗ ಒಳಗೆ ಬೆಂದುಹೋಗುತ್ತಾನೆಂದು ನಾನು ಹೆದರಿದ್ದೆ.

ಹೆಸರು ಕರೆದರು. “ಇದ್ದೇನೆ” ಎಂದು ಒಬ್ಬ ಎದ್ದ. ಇನ್ನೊಂದು ಹೆಸರು. “ಇದ್ದೇನೆ.” ನಾನು ಕಣ್ಣಂಚಿನಲ್ಲಿ ಮಗನನ್ನೇ ನೋಡುತ್ತಿದ್ದೆ. ಅವನು ಒಬ್ಬೊಬ್ಬ ಗೆಳೆಯ ಎದ್ದಾಗಲೂ ಹಲ್ಲು ಕಾಣುವಂತೆ ನಗುತ್ತಿದ್ದ, ಸಾಕ್ಷಾತ್ ಅವನ ಅಪ್ಪನ ನಗು. ಅವನ ಚಿಂತೆ ನನಗೆ ಆಗಲೇ ಬಿಟ್ಟುಹೋಯಿತು. ಕೊನೆಯವನೂ ಎದ್ದು ಹೋದ. ಇಡೀ ದೇವಾಲಯ ನಿಶ್ಶಬ್ದವಾಯಿತು, ಇನ್ನೂ ಯಾರನ್ನಾದರೂ ಕರೆಯುವುದಿದೆಯೇನೋ ಎಂಬ ಹಾಗೆ.

“ಇದ್ದೇನೆ” ಎಂದೆ ನಾನು.

ಹೇಳಬೇಕೆಂದು ಹೇಳಿದ್ದಲ್ಲ. ತಾನಾಗಿ ಬಂತು, ಉಸಿರಿನಷ್ಟೇ ಮೆಲ್ಲಗೆ. ಮುಂದಿನ ಬೆಂಚಿನವರೂ ತಿರುಗಿ ನೋಡಲಿಲ್ಲ. ಮುಖಕ್ಕೆಲ್ಲ ಬಿಸಿ ಏರಿ, ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಮಗ ನಗಲಿಲ್ಲ. ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು ಕಿವಿಯ ಹತ್ತಿರ ಬಾಗಿದ.

“ಕೇಳಿಸ್ತು ಅಮ್ಮ” ಎಂದ.